ಕಾಲುವೆ ಕಡೆಯ ಇಳಿಜಾರು

ಜೂನ್ 14, ಮಂಗಳವಾರ

ಮಧ್ಯಾಹ್ನ ಅವ್ವ ತೊಟ್ಟಿಲನ್ನು ಅಟ್ಟಕ್ಕೆ ಏರಿಸಿದಳು. ನನಗೆ ನಿದ್ದೆ ಹತ್ತಿದೆ ಎಂದುಕೊಂಡಿದ್ದಳು. ಸದ್ದಾಗದಂತೆ ಏಣಿ ಹತ್ತಿ, ಮೇಲಿಟ್ಟು, ಹಳೆಯ ಸೀರೆ ಹೊದಿಸಿ ಇಳಿದು ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಮುಂದೆ ಕೂತಳು. ನಾನು ಕಣ್ಣು ತೆರೆಯಲಿಲ್ಲ.

ಮಲಪನಗುಡಿಗೆ ಬಂದು ತಿಂಗಳಾಗುತ್ತ ಬಂತು. ಬಾಣಂತನಕ್ಕೆ ಬರಬೇಕಿದ್ದ ತವರಿಗೆ ಹೊತ್ತಿಗೆ ಮುಂಚೆಯೇ ಬಂದಿದ್ದೇನೆ, ಮಗುವಿಲ್ಲದೆ. ಹೆಣ್ಣು ಎಂದು ಆಸ್ಪತ್ರೆಯಲ್ಲಿ ಯಾರೋ ಅಂದದ್ದು ಕಿವಿಗೆ ಬಿತ್ತು, ಅಷ್ಟೆ. ನೋಡಬಾರದು ಎಂದರು ಹಿರಿಯರು. ಹಟ ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಕಿಟಕಿಯಾಚೆ ಬಾಳೆತೋಟ. ಎಲೆಗಳು ತೂಗಿದಾಗ ಗೋಡೆಯ ಮೇಲಿನ ಬೆಳಕೂ ಹಸಿರಾಗಿ ತೂಗುತ್ತದೆ. ಕಾಲುವೆಯ ತಳದಲ್ಲಿ ಮಲಗಿ ಮೇಲೆ ಓಡಾಡುವವರ ಮಾತು ಕೇಳಿದ ಹಾಗೆ ಇರುತ್ತದೆ ಇಡೀ ದಿನ.

ಸಂಡೂರಿನಿಂದ ಅವರ ಫೋನ್ ಬಂತು. ಎತ್ತಲಿಲ್ಲ. ಆ ದಿನ ನನ್ನನ್ನು ಆಸ್ಪತ್ರೆಯಲ್ಲಿ ಬಿಟ್ಟು, ಗಣಿಯ ವೇಬ್ರಿಡ್ಜ್‌ನಲ್ಲಿ ಲಾರಿ ತೂಗಲು ಡ್ಯೂಟಿಗೆ ಹೋದ ಗಂಡನ ಜೊತೆ ನಾನು ಏನು ಮಾತಾಡಲಿ.

ಜೂನ್ 17

ಉಚ್ಚೆಂಗೆಪ್ಪ ಕಾಕಾ ಬಂದಿದ್ದರು. ಮದುವೆಗೆ ಮೊದಲು ನಾನು ಕೆಲಸ ಮಾಡುತ್ತಿದ್ದದ್ದು ಹೊಸಪೇಟೆಯ ಅವರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ. ಸಮಾಧಾನದ ಮಾತು ಹೇಳುತ್ತಾರೇನೋ ಎಂದು ಗೋಡೆಯ ಕಡೆ ತಿರುಗಿದೆ. ಅವರು ಚಹಾ ಕುಡಿದರು, ಚೀಲದಿಂದ ಒಂದು ಪುಟ್ಟ ಪೆಟ್ಟಿಗೆ ತೆಗೆದು ನನ್ನ ಕಾಲ ಬಳಿ ಇಟ್ಟರು. ಎರಡು ಅಂಗೈ ಅಗಲದ ಕಂಪ್ಯೂಟರ್.

ಅದು ಭವ್ಯಳದಂತೆ. ಡಿಪ್ಲೊಮಾದಲ್ಲಿ ನನಗಿಂತ ಚಿಕ್ಕವಳು. ಹಂಪಿ ಹತ್ತಿರ ಕಡ್ಡಿರಾಂಪುರದಲ್ಲಿ ಅವರ ಮನೆಯವರು ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುತ್ತಾರೆ. ಮಾತಂಗ ಪರ್ವತ ಹತ್ತಲಾಗದ ವಯಸ್ಸಾದವರು ಟಿವಿ ಮುಂದೆ ಕೂತೇ ಬೆಟ್ಟದ ಮೇಲೆ ಓಡಾಡಲಿ ಎಂದು, ವರ್ಷಗಟ್ಟಲೆ ಫೋಟೋ ತೆಗೆದು ಜೋಡಿಸಿ ಕಂಪ್ಯೂಟರಿನೊಳಗೆ ಒಂದು ಬೆಟ್ಟವನ್ನೇ ಕಟ್ಟಿದ್ದಾಳೆ. ಆದರೆ ಚಿತ್ರ ತಡವರಿಸುತ್ತದೆ. ನೋಡಿದವರಿಗೆ ತಲೆ ಸುತ್ತುತ್ತದೆ.

ಹಸಿ ಮೈಯಾಕಿಗೆ ಇದೆಲ್ಲ ಯಾಕೆ ಎಂದು ಅವ್ವ ಸಿಡುಕಿದಳು. ಕಾಕಾ ಎದ್ದು ಚಪ್ಪಲಿ ಮೆಟ್ಟಿಕೊಂಡು, ತಮಗೀಗ ಸಣ್ಣ ಅಕ್ಷರ ಕಾಣುವುದಿಲ್ಲ ಎಂದಷ್ಟೇ ಹೇಳಿ ಹೊರಟರು.

ಪೆಟ್ಟಿಗೆ ಅಲ್ಲೇ ಇದೆ. ನಾನು ಮುಟ್ಟಿಲ್ಲ.

ಜೂನ್ 21

ಅವ್ವ ತೋಟಕ್ಕೆ ಹೋಗಿದ್ದಾಗ ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿದೆ.

ಪರದೆಯಲ್ಲಿ ಇನ್ನೂ ಸರಿಯಾಗಿ ಬೆಳಗಾಗದ ಹೊತ್ತು. ಕಾಲಡಿ ಬಂಡೆ, ಬಂಡೆಯ ಬಿರುಕಿನಲ್ಲಿ ಒಣಹುಲ್ಲು. ಕೆಳಗೆ ಮಂಜಿನಲ್ಲಿ ಅಚ್ಯುತರಾಯನ ಗುಡಿ, ದೂರದಲ್ಲಿ ಹೊಳೆ. ಮುಂದೆ ನಡೆದೆ. ಒಂದು ಬೆಳಗಿನ ಒಳಗೆ ನಾನೊಬ್ಬಳೇ ಇದ್ದೆ. ಯಾರೂ ನನ್ನನ್ನು ಹೇಗಿದ್ದೀ ಎಂದು ಕೇಳಲಿಲ್ಲ. ಹುಲ್ಲು ದಟ್ಟವಾದ ಕಡೆ, ಕಾಲುವೆಗೆ ಇಳಿಯುವ ಇಳಿಜಾರಿನಲ್ಲಿ, ಬೆಟ್ಟ ಹರಿದು ಹರಿದು ಬರತೊಡಗಿತು. ನಿಲ್ಲಿಸಿದೆ.

ತೊಂದರೆ ಎಲ್ಲಿದೆ ಎಂದು ತಿಳಿಯಿತು. ಈ ಪೆಟ್ಟಿಗೆಗೆ ಚಿತ್ರ ಬಿಡಿಸಲು ಬೇರೆ ಕಾರ್ಡ್ ಇಲ್ಲ. ಆ ಕೆಲಸಕ್ಕೂ ರ‍್ಯಾಮ್ ಎಂಬ ನೆನಪಿನ ಪಟ್ಟಿಯಿಂದಲೇ ಎತ್ತಿಕೊಳ್ಳಬೇಕು. ರ‍್ಯಾಮ್ ಎಷ್ಟು ಚುರುಕೋ ಚಿತ್ರ ಅಷ್ಟು ನುಣುಪು. ಭವ್ಯ ಅತಿ ವೇಗದ್ದು ಎಂದು ಲೇಬಲ್ ಇರುವ ಜೋಡಿಯನ್ನೇ ಹಾಕಿದ್ದಾಳೆ. ಆ ವೇಗ ಮುಟ್ಟಲು ಅವಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಪೆಟ್ಟಿಗೆಯೋ 1.2 ವೋಲ್ಟ್‌ಗಿಂತ ಒಂದೆಳೆ ಹೆಚ್ಚು ಕೊಡುವುದಿಲ್ಲ. ವೇಗ ಬದಲಿಸಲು ಬಿಡುತ್ತದೆ, ವೋಲ್ಟೇಜ್ ಮುಟ್ಟಗೊಡುವುದಿಲ್ಲ. ಹಾಗಾಗಿ ಆ ದೊಡ್ಡ ಹೆಸರಿನ ಜೋಡಿ ಇಲ್ಲಿ ಸಾಧಾರಣ ನಡಿಗೆಯಲ್ಲಿ ನಡೆಯುತ್ತಿದೆ.

ಇಷ್ಟೆಲ್ಲ ಯಾಕೆ ಬರೆದೆ. ಮಲಗುತ್ತೇನೆ.

ಜೂನ್ 28

ಕಾಕಾ ಒಂದು ಡಬ್ಬಿ ತುಂಬ ಹಳೆಯ ರ‍್ಯಾಮ್ ಪಟ್ಟಿಗಳನ್ನು ಕೊಟ್ಟು ಹೋದರು. ಕೆಟ್ಟ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದವು. ಜೊತೆಗೆ ಅವರ ಭೂತಗನ್ನಡಿ.

ಲೇಬಲ್ ನಂಬಬಾರದು. ಒಂದೇ ಹೆಸರಿನ ಪಟ್ಟಿಯ ಮೇಲೆ ಈ ತಿಂಗಳು ಒಂದು ಜಾತಿಯ ಚಿಪ್ ಇರುತ್ತದೆ, ಮುಂದಿನ ತಿಂಗಳು ಇನ್ನೊಂದು. ಸ್ಟಿಕ್ಕರ್ ಎತ್ತಿ ಚಿಪ್‌ನ ಬೆನ್ನ ಮೇಲಿನ ಅಕ್ಷರ ಓದಬೇಕು. ಕೆಲವು ಜಾತಿಯವು ವೋಲ್ಟೇಜ್ ಕೊಟ್ಟಷ್ಟೂ ಓಡುತ್ತವೆ, ಕೊಡದಿದ್ದರೆ ಮಂಕಾಗುತ್ತವೆ. ಇನ್ನು ಕೆಲವಕ್ಕೆ ಹೆಚ್ಚು ಕೊಟ್ಟರೂ ಉಪಯೋಗವಿಲ್ಲ. ಇದ್ದುದರಲ್ಲೇ ಎತ್ತರದ ವೇಗಕ್ಕೆ ಏರುತ್ತವೆ, ಆದರೆ ಕೇಳಿದ್ದಕ್ಕೆ ಉತ್ತರ ಕೊಡಲು ತುಸು ಸಾವಕಾಶ ಬೇಡುತ್ತವೆ. ನನಗೆ ಬೇಕಾದದ್ದು ಈ ಎರಡನೆಯ ಜಾತಿ.

ಒಂದನ್ನು ಹಾಕಿ, ವೇಗ ಏರಿಸಿ, ಪರೀಕ್ಷೆಗೆ ಬಿಟ್ಟೆ. ಪೆಟ್ಟಿಗೆ ತನ್ನ ನೆನಪಿನ ಒಂದೊಂದು ಗೂಡಿನಲ್ಲೂ ಏನೋ ಬರೆಯುತ್ತದೆ, ಹಿಂತಿರುಗಿ ಓದುತ್ತದೆ. ಬರೆದದ್ದೇ ಸಿಕ್ಕರೆ ಸರಿ. ಸಿಗದಿದ್ದರೆ ಕೆಂಪು ಗೆರೆ. ಫ್ಯಾನಿನ ಸಣ್ಣ ಗುಂಯ್ ಸದ್ದು ಕೇಳುತ್ತ ಮಧ್ಯಾಹ್ನ ಜೊಂಪು ಹತ್ತಿತು. ಬಾಳೆತೋಟದೊಳಗೆ ಯಾರೋ ನನ್ನ ಹೆಸರು ಬರೆಯುತ್ತಿದ್ದರು, ನಾನು ಹಿಂದೆ ಹಿಂದೆ ಓದುತ್ತ ಹೋಗುತ್ತಿದ್ದೆ. ಎದ್ದಾಗ ಪರದೆಯ ತುಂಬ ಕೆಂಪು. ಆ ಪಟ್ಟಿಯನ್ನು ಬೇರೆಯಿಟ್ಟು ಇನ್ನೊಂದನ್ನು ಹಾಕಿದೆ.

ಜುಲೈ 3, ಭಾನುವಾರ

ಸಂಡೂರಿನಿಂದ ಅವರು ಬಂದಿದ್ದರು. ನಾನು ಒಳಕೋಣೆಯಲ್ಲಿ ಹೊದ್ದು ಮಲಗಿದೆ. ಪಡಸಾಲೆಯಲ್ಲಿ ಅವ್ವನ ಜೊತೆ ಮಾತು, ಹೆಚ್ಚಾಗಿ ಅವ್ವನದೇ. ಊಟ ಮಾಡಿದರು. ಟಿವಿ ಬಳಿ ಹರಡಿದ ಪಟ್ಟಿಗಳನ್ನು ನೋಡಿ ಇವೇನೆಂದು ಕೇಳಿದರು. ಅವ್ವ ತನಗೆ ತಿಳಿದಷ್ಟು ಹೇಳಿದಳು: ಅಕ್ಷರ ಹುಡುಕುತ್ತಾಳೆ, ಸಿಕ್ಕರೆ ಇಡುತ್ತಾಳೆ, ಸಿಗದಿದ್ದರೆ ಎಸೆಯುತ್ತಾಳೆ.

ಬಾಗಿಲ ಸಂದಿನಿಂದ ಕಂಡೆ. ಒಂದನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ ಬಹಳ ಹೊತ್ತು ನೋಡುತ್ತಿದ್ದರು. ಅಂಚಿನಲ್ಲೇ ಹಿಡಿಯಬೇಕೆಂದು ಅವರಿಗೆ ಯಾರು ಹೇಳಿದರೋ. ಅಂಗಿಯ ಕಾಲರಿನ ಒಳಗೆ ಅದಿರಿನ ಕೆಂಪು ಹಾಗೇ ಇತ್ತು. ತೊಳೆಯುವವರಿಲ್ಲ.

ಬಸ್ಸಿನ ಹೊತ್ತಾಯಿತೆಂದು ಹೊರಟರು.

ಜುಲೈ 9

ಮೊದಲ ಸಲ ಹೊರಗೆ ಹೋದೆ. ಕಾಕಾ ಆಟೋ ತಂದಿದ್ದರು, ಅವ್ವ ತಲೆಗೆ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿ ಕಳಿಸಿದಳು. ಈವರೆಗೆ ಸಿಕ್ಕಿದ್ದರಲ್ಲಿ ವಾಸಿಯಾದ ಎರಡು ಪಟ್ಟಿ ಪೆಟ್ಟಿಗೆಯಲ್ಲಿದ್ದವು. ಎಷ್ಟು ಸುಧಾರಿಸಿದೆ ಎಂದು ಭವ್ಯಳ ಮನೆಯ ದೊಡ್ಡ ಟಿವಿಯಲ್ಲಿ ನೋಡಬೇಕಿತ್ತು.

ನೋಡಲು ಕೂತವಳು ಭವ್ಯಳ ಅಜ್ಜಿ ಹೊಳೆಮ್ಮ. ಹರೆಯದಲ್ಲಿ ಮಾತಂಗ ಪರ್ವತದ ಬುಡದಲ್ಲೇ ಗುಡಿಸಲು ಹಾಕಿಕೊಂಡು ಬಾಳೆತೋಟದ ಕೂಲಿ ಮಾಡಿದವಳು. ಈಗ ಮೊಣಕಾಲು ಹೋಗಿವೆ, ಹಿತ್ತಲಿಗೂ ಹಿಡಿದು ನಡೆಸಬೇಕು. ಭವ್ಯ ಬೆಟ್ಟದ ತುದಿ ತೋರಿಸಿದಳು, ವಿರೂಪಾಕ್ಷನ ಗೋಪುರ ತೋರಿಸಿದಳು. ಅಜ್ಜಿ ಸುಮ್ಮನೆ ಕೈಮುಗಿದಳು. ಆಮೇಲೆ ಕೈ ಎಡಕ್ಕೆ ಮಾಡಿ, ಕಾಲುವೆ ಕಡೆ ಇಳಿ ಎಂದಳು.

ಅದೇ ಇಳಿಜಾರು. ಹುಲ್ಲು ಬರುತ್ತಿದ್ದಂತೆ ಚಿತ್ರ ತಡವರಿಸಿತು. ಅಜ್ಜಿ ಕಣ್ಣು ಮುಚ್ಚಿ ಮಂಚದ ಅಂಚು ಹಿಡಿದಳು. ಭವ್ಯ ಓಡಿಹೋಗಿ ನೀರು ತಂದಳು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ನನ್ನ ಕಡೆ ತಿರುಗಿದಳು.

“ಮುಂದಿನ ಸಲ ಆಗ್ತೈತೇನವ್ವ? ನನಗ ಭಾಳ ದಿನ ಇಲ್ಲ.”

ಆಗುತ್ತದೆ ಎಂದುಬಿಟ್ಟೆ. ಅಲ್ಲಿ ನೋಡುವಂಥದ್ದು ಏನೂ ಇಲ್ಲ, ಬರೀ ಕಲ್ಲು, ಹುಲ್ಲು ಎಂದು ಭವ್ಯ ಬಾಗಿಲ ತನಕ ಬಂದು ಹೇಳಿದಳು. ಪ್ರತಿ ಸಲ ಅಜ್ಜಿ ಅಲ್ಲಿಗೇ ಹೋಗಬೇಕೆನ್ನುತ್ತಾಳಂತೆ.

ಜುಲೈ 16

ಕೆಂಪು. ಮತ್ತೆ ಕೆಂಪು. ಮಳೆ ಹಿಡಿದಿದೆ.

ಜುಲೈ 18

ಒಂದು ಸಿಕ್ಕಿತು.

ಡಬ್ಬಿಯ ತಳದಲ್ಲಿ ಸ್ಟಿಕ್ಕರೇ ಇಲ್ಲದೆ ಬಿದ್ದಿದ್ದ ಪಟ್ಟಿ. ಅದೇ 1.2 ವೋಲ್ಟ್. ಉತ್ತರಕ್ಕೆ ಕೊಂಚ ಹೆಚ್ಚು ಸಾವಕಾಶ ಕೊಟ್ಟು ವೇಗ ಏರಿಸುತ್ತ ಹೋದೆ. ಏರಿತು, ಇನ್ನೂ ಏರಿತು. ಬೆಳಿಗ್ಗೆ ಹಾಕಿದ ಪರೀಕ್ಷೆ ದೀಪ ಹಚ್ಚುವ ಹೊತ್ತಿಗೂ ಒಂದು ತಪ್ಪು ಮಾಡಲಿಲ್ಲ. ಅವ್ವನಿಗೆ ತೋರಿಸಿದೆ. ಏನು ನೋಡಬೇಕೆಂದು ತಿಳಿಯದೆ ಅವಳು ಪರದೆ ಬಿಟ್ಟು ನನ್ನನ್ನೇ ನೋಡಿದಳು, ಒಳಗೆ ಹೋಗಿ ಮಂಡಕ್ಕಿ ಒಗ್ಗರಣೆ ಮಾಡಿ ತಂದಳು. ತಟ್ಟೆ ಖಾಲಿಯಾದದ್ದು ಈಗ ನೆನಪಾಗುತ್ತಿದೆ.

ಒಂದು ಸಾಲದು. ಇದರದೇ ಜಾತಿಯ ಇನ್ನೊಂದು ಬೇಕು. ಜೋಡಿಯಾದರೆ ಮಾತ್ರ ಚಿತ್ರ ಹರಿಯುವ ದಾರಿ ಎರಡು ಪಟ್ಟು ಅಗಲವಾಗುತ್ತದೆ.

ಜುಲೈ 20

ಕಂಪ್ಲಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಳ್ಳುವವನೊಬ್ಬ ಇದ್ದಾನೆಂದು ಕಾಕಾ ಹೋಗಿದ್ದರು. ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಕಂಪ್ಲಿ ಸೇತುವೆ ಮುಳುಗಿದೆ. ಆತನ ಸರಕೆಲ್ಲ ಹೊಳೆಯಾಚೆ. ದಡದಲ್ಲಿ ಜನ ನಿಂತು ನೀರು ನೋಡುತ್ತಿದ್ದರಂತೆ, ತಾವೂ ಒಂದು ಗಳಿಗೆ ನಿಂತು ನೋಡಿ ಬಂದೆ ಎಂದರು.

ಸಂಜೆ ಫೋನ್ ಬಂದಾಗ ಅವ್ವ ಎತ್ತಿದಳು. ಮಾತಾಡಿ, ನನ್ನ ಕೈಗೆ ತುರುಕಿ, ದನದ ನೆಪ ಹೇಳಿ ಹಿತ್ತಲಿಗೆ ಹೋದಳು.

ಅವರು ಹೇಗಿದ್ದೀ ಎನ್ನಲಿಲ್ಲ. ಗಣಿ ಆಫೀಸಿನ ಕಪಾಟಿನಲ್ಲಿ ಕೆಟ್ಟ ಲ್ಯಾಪ್‌ಟಾಪ್ ಪೇರಿಸಿವೆ, ಸಾಹೇಬರನ್ನು ಕೇಳಿ ಬಿಚ್ಚಿದ್ದೇನೆ, ಯಾವ ಅಕ್ಷರ ನೋಡಬೇಕು ಹೇಳು ಎಂದರು. ಫೋಟೋ ಕಳಿಸಿದ್ದರು, ಅದರಲ್ಲಿ ಬರೀ ಹೊಳಪು. ಚಿಪ್‌ನ ಬೆನ್ನಿನ ಅಕ್ಷರ ಓರೆ ಬಿಸಿಲಿಗೆ ಮಾತ್ರ ಕಾಣುತ್ತವೆ. ನಾಳೆ ಹೊತ್ತು ಏರಿದ ಮೇಲೆ ಕಿಟಕಿ ಬಳಿ ನಿಂತು ಓದಿ ಎಂದೆ. ಆಯಿತು ಎಂದರು.

ಜುಲೈ 26

ಇವತ್ತಿನದೂ ಆ ಜಾತಿಯದಲ್ಲ. ದಿನಕ್ಕೊಂದೆರಡು ಓದುತ್ತಾರೆ. ಸಂಡೂರಿನಲ್ಲಿ ಮೋಡ, ಬಿಸಿಲು ಬಂದಾಗ ಕಿಟಕಿಗೆ ಓಡಬೇಕಂತೆ. ಹಿಂದೆ ಲಾರಿಗಳ ಸದ್ದು. ನಡುವೆ ಯಾರಿಗೋ, ಗಾಡಿ ಸರಿಯಾಗಿ ನಿಲ್ಲಿಸಪ್ಪ ಎನ್ನುತ್ತಾರೆ, ಮತ್ತೆ ನನಗೆ ಅಕ್ಷರ ಹೇಳುತ್ತಾರೆ. ಎಂಟೋ ಬಿ-ಯೋ ತಿಳಿಯದೆ ಇಬ್ಬರೂ ವಾದ ಮಾಡಿದೆವು. ಮಧ್ಯಾಹ್ನ ಏನು ಉಂಡಿರಿ ಎಂದು ಕೇಳಿದೆ. ಅನ್ನ, ಮಜ್ಜಿಗೆ ಎಂದರು. ದಿನವೂ ಅದೇ ಇರಬೇಕು.

ಗುಡ್ಡಗಳು ಹಸಿರಾಗಿವೆಯಂತೆ. ಮೋಡ ವೇಬ್ರಿಡ್ಜ್ ತನಕ ಇಳಿದು, ತೂಕದ ಮೇಲೆ ನಿಂತ ಲಾರಿಯೇ ಕಾಣುವುದಿಲ್ಲವಂತೆ. ಫೋನ್ ಇಟ್ಟ ಮೇಲೂ ನನಗೆ ಬಹಳ ಹೊತ್ತು ಅದೇ ಕಾಣುತ್ತಿತ್ತು. ಬಿಳಿಯ ಮೋಡ, ಅದರೊಳಗೆ ಎಲ್ಲೋ ಒಂದು ಭಾರ.

ಆಗಸ್ಟ್ 7, ಭಾನುವಾರ

ಅವರು ಬಂದರು. ಜೋಡಿ ಸಿಕ್ಕಿದೆ.

ಪ್ಲಾಸ್ಟಿಕ್ಕಿನಲ್ಲಿ ಇಡಬೇಡಿ, ಉಜ್ಜಿ ಕರೆಂಟು ಹುಟ್ಟಿದರೆ ಚಿಪ್ ಸಾಯುತ್ತದೆ ಎಂದಿದ್ದೆ. ಕಾಗದದಲ್ಲಿ ಸುತ್ತಿ, ಬಸ್ಸಿನ ನೂಕಾಟದಲ್ಲಿ ಅಂಗೈ ಮೇಲೆ ಹಿಡಿದೇ ತಂದಿದ್ದಾರೆ. ಸೀಟು ಸಿಕ್ಕಿರಲಿಲ್ಲವಂತೆ. ನಾನು ಮಲಗಿರಲಿಲ್ಲ, ಪಡಸಾಲೆಯಲ್ಲೇ ಇದ್ದೆ. ಭೂತಗನ್ನಡಿಯಲ್ಲಿ ಓದಿದೆ. ಪ್ರತಿ ಅಕ್ಷರ ಸರಿ.

ಎರಡನ್ನೂ ಹಾಕಿ ತುದಿಯ ವೇಗಕ್ಕೆ ಬಿಟ್ಟೆ. ಮೊದಲು ತಪ್ಪಿಲ್ಲದೆ ನಿಂತಿತು, ಕೋಣೆ ಕಾವೇರಿದ ಮೇಲೆ ಒಂದು ಕೆಂಪು ಗೆರೆ. ಹಂಪಿಯ ಬೇಸಗೆಯಲ್ಲಿ ಇನ್ನೂ ಕಾವು. ಒಂದು ಮೆಟ್ಟಿಲು ಕೆಳಗಿಳಿಸಿದೆ. ಅವರಿಗೆ ಬೇಸರವಾಯಿತು. ಏರಬಲ್ಲದ್ದನ್ನು ಇಳಿಸುವುದು ಯಾಕೆ ಎಂದರು. ಏರಿದಲ್ಲಿ ನಿಲ್ಲಬೇಕಲ್ಲ ಎಂದೆ.

ಮತ್ತೆ ಪರೀಕ್ಷೆ. ಅವ್ವ ಮಲಪನಗುಡಿಯಲ್ಲೇ ಇನ್ಯಾರದೋ ಮನೆಗೆ ಹೋದಳು. ನಾವಿಬ್ಬರೂ ಚಾಪೆಯ ಮೇಲೆ ಕೂತು ಪರದೆ ನೋಡಿದೆವು. ನೋಡುವಂಥದ್ದು ಏನೂ ಇರಲಿಲ್ಲ. ಹೊರಗೆ ಸಣ್ಣ ಮಳೆ, ಬಾಳೆ ಎಲೆಗಳ ಮೇಲೆ. ಎಚ್ಚರವಾದಾಗ ನನ್ನ ತಲೆ ಗೋಡೆಗೆ ಆನಿಕೊಂಡಿತ್ತು, ಅವರು ಚಾಪೆಯ ಆ ಬದಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಪರದೆ ಕಪ್ಪಗೆ, ಸ್ವಚ್ಛವಾಗಿ ಓಡುತ್ತಿತ್ತು. ಎಬ್ಬಿಸಲಿಲ್ಲ. ಗೂಟದಲ್ಲಿದ್ದ ಅವರ ಅಂಗಿ ಒಗೆಯಲು ಹಾಕಿ, ಅಪ್ಪನ ಹಳೆಯ ಅಂಗಿ ತೆಗೆದಿಟ್ಟೆ. ಕೊನೆಯ ಬಸ್ಸಿಗೆ ಹೋದರು.

ಆಗಸ್ಟ್ 14, ಭಾನುವಾರ

ಬರೆಯಬೇಕು. ಹೇಗೆಂದು ತಿಳಿಯುತ್ತಿಲ್ಲ.

ಕಡ್ಡಿರಾಂಪುರಕ್ಕೆ ಪೆಟ್ಟಿಗೆ ತೆಗೆದುಕೊಂಡು ಹೋದೆ. ಹೊಳೆಮ್ಮಜ್ಜಿ ತಲೆ ಬಾಚಿಕೊಂಡು, ಸೆರಗು ಹೊದ್ದು, ಎಲ್ಲಿಗೋ ಹೊರಟವಳಂತೆ ಮಂಚದ ಮೇಲೆ ಕೂತಿದ್ದಳು. ಭವ್ಯ ಗುಂಡಿ ಒತ್ತಿದಳು. ಬೆಟ್ಟದ ತುದಿ. ಅಜ್ಜಿ ಕೈ ಎಡಕ್ಕೆ ಮಾಡಿದಳು.

ಇಳಿದೆವು. ಹುಲ್ಲು ಬಂತು. ತಡವರಿಸಲಿಲ್ಲ. ಕಾಲುವೆಯ ನೀರು ಸರಿದಷ್ಟೇ ಸಲೀಸಾಗಿ ಬಂಡೆಗಳು ಎರಡೂ ಕಡೆ ಸರಿದವು, ಹುಲ್ಲು ನಮ್ಮನ್ನು ಒಳಗೆ ಬಿಟ್ಟುಕೊಂಡಿತು. ಅಜ್ಜಿ ಕಣ್ಣು ಮುಚ್ಚಲಿಲ್ಲ. ಇನ್ನೂ ಕೆಳಗೆ, ಬಲಕ್ಕೆ, ಆ ಬೇವಿನ ಗಿಡ ದಾಟು ಎನ್ನುತ್ತ ನಡೆಸಿದಳು. ಒಂದರ ಮೇಲೊಂದು ಒರಗಿದ ಎರಡು ಬಂಡೆ, ನಡುವೆ ಸ್ವಲ್ಪ ಬಯಲು. ಅಲ್ಲಿ ನಿಲ್ಲಿಸು ಎಂದಳು.

ನಿಲ್ಲಿಸಿದೆವು. ಅಲ್ಲಿ ಏನೂ ಇರಲಿಲ್ಲ.

ಅಜ್ಜಿ ಬಹಳ ಹೊತ್ತು ನೋಡಿದಳು. ಆಮೇಲೆ ಭವ್ಯಳಿಗಲ್ಲ, ನನಗೆ ಹೇಳಿದಳು.

“ನನ್ನ ಚೊಚ್ಚಲು. ಹುಟ್ಟಿ ಅಳಲೇ ಇಲ್ಲ. ನಮ್ಮವ್ವ ಎಲ್ಲಿ ಇಟ್ಟೀವಿ ಅಂತ ಹೇಳಬಾರದು ಅಂದಳು. ನನ್ನ ಗಂಡ ಕರಕೊಂಡು ಬಂದು ತೋರ್ಸಿದ. ಆಮ್ಯಾಲ ದಿನಾ ತೋಟಕ್ಕ ಹೋಗುವಾಗ ಇಲ್ಲೇ ಹಾದು ಹೋಗ್ತಿದ್ದೆ. ಮೊಣಕಾಲು ಹೋದ ಮ್ಯಾಲ ಬರಾಕ ಆಗಿರಲಿಲ್ಲ.”

ಭವ್ಯ ಅಜ್ಜಿಯ ಕಾಲ ಬಳಿ ಕೂತುಬಿಟ್ಟಳು. ಅವಳಿಗೆ ಗೊತ್ತಿರಲಿಲ್ಲ. ಅಜ್ಜಿ ನನ್ನ ಕೈ ಹಿಡಿದಳು. ಒಣಗಿದ ಎಲೆಯಂಥ ಕೈ.

“ನಿನಗ ತೋರ್ಸ್ಯಾರೇನು?”

ನಾನು ತಲೆಯಾಡಿಸಿದೆ. ಇಲ್ಲ ಎಂದು.

ಆಗಸ್ಟ್ 16

ನಿನ್ನೆ ಏನೂ ಬರೆಯಲಿಲ್ಲ. ಇವತ್ತು ನಾನೇ ಫೋನ್ ಮಾಡಿದೆ. ಲಾರಿಗಳ ಸದ್ದಿತ್ತು. ಎಲ್ಲಿ ಇಟ್ಟಿರಿ ಎಂದು ಕೇಳಿದೆ. ಸದ್ದಿನಿಂದ ದೂರ ನಡೆದು ಹೋದರು, ಕಲ್ಲುಗಳ ಮೇಲೆ ಬೂಟಿನ ಸದ್ದು ಕೇಳುತ್ತಿತ್ತು. ಹೊಲದಾಚೆ, ಗುಡ್ಡದ ಬುಡದಲ್ಲಿ ಎಂದರು. ಆಮೇಲೆ ಹೇಳಿದರು.

“ಅವತ್ತು ಡ್ಯೂಟಿಗೆ ಹೋದದ್ದು ಖರೇ, ಶಿಲ್ಪಾ. ಅದಕ್ಕೂ ಮೊದಲು ಅಲ್ಲಿಗೆ ಹೋಗಿದ್ದೆ. ಮಣ್ಣು ಮುಚ್ಚಿ ಬಂದು ನಿನ್ನ ಮಾರಿ ಹೆಂಗ ನೋಡ್ಲಿ ಅಂತ ತಿಳೀಲಿಲ್ಲ. ಲಾರಿ ತೂಗಿದೆ.”

ನಾನು ಬಿಕ್ಕಿದೆನೋ, ಅವರೋ, ತಿಳಿಯಲಿಲ್ಲ. ಭಾನುವಾರ ಬರುತ್ತೇನೆ ಎಂದೆ. ಮಳೆ ಇದೆ, ಜಾರುತ್ತದೆ ಎಂದರು. ಬರುತ್ತೇನೆ ಎಂದೆ.

ಅವ್ವ ನನ್ನ ಚೀಲಕ್ಕೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಡುತ್ತಿದ್ದಾಳೆ. ಭಾನುವಾರಕ್ಕೆ ಇನ್ನೂ ದಿನಗಳಿವೆ.

ಆಗಸ್ಟ್ 21, ಸಂಡೂರು

ಬಸ್ಸು ಗುಡ್ಡಗಳ ನಡುವೆ ಬಂದಾಗ ಕಿಟಕಿಯ ತುಂಬ ಮೋಡ. ಅವರು ನಿಲ್ದಾಣದಲ್ಲಿ ಕೊಡೆ ಹಿಡಿದು ನಿಂತಿದ್ದರು. ಬೈಕಿನಲ್ಲಿ ಊರು ದಾಟಿ, ಅತ್ತೆಯ ಮನೆಯವರ ಹೊಲದ ತನಕ ಹೋಗಿ, ಅಲ್ಲಿಂದ ನಡೆದೆವು. ಕೆಂಪು ಮಣ್ಣು ಚಪ್ಪಲಿಗೆ ಹತ್ತಿ ಕಾಲು ಭಾರವಾಯಿತು. ಜಾರುವಲ್ಲಿ ಅವರು ಕೈ ಕೊಟ್ಟರು.

ಗುಡ್ಡದ ಬುಡ. ಸೊಂಟದೆತ್ತರ ಹುಲ್ಲು. ಅವರು ಬಗ್ಗಿ ಎರಡೂ ಕೈಯಿಂದ ಹುಲ್ಲು ಸರಿಸಿದರು. ಒತ್ತಾಗಿ ಜೋಡಿಸಿದ ಕಲ್ಲುಗಳು ಕಂಡವು, ನಾಯಿ ಕೆದರಬಾರದೆಂದು ಹೇರಿದ ಜಾಲಿಮುಳ್ಳು, ಅದರ ನಡುವೆಯೇ ಎದ್ದ ಹಸಿರು. ಕೆಲವು ಕಲ್ಲು ಹಳೆಯವು, ಕೆಲವು ಮಳೆ ಬಂದ ಮೇಲೆ ತಂದಿಟ್ಟವು. ಆಗಾಗ ಬರುತ್ತಾರೆಂದು ಗೊತ್ತಾಯಿತು.

ಕೂತೆ. ಕಲ್ಲು ತಣ್ಣಗಿತ್ತು. ಮೋಡ ನಮ್ಮ ಮೇಲೆಯೇ ಹಾದು ಹೋಗುತ್ತಿತ್ತು, ಹೊಲ ಕಾಣುತ್ತಿತ್ತು, ಮಾಯವಾಗುತ್ತಿತ್ತು.

ಹೇಗಿದ್ದಳು ಎಂದು ಕೇಳಿದೆ.

ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಕೊಡೆ ಮಡಚಿ ನೆಲದ ಮೇಲಿಟ್ಟರು.

“ಕೂದಲ ಭಾಳ ಇದ್ವು,” ಎಂದರು. “ನಿನ್ನಂಗ, ಗುಂಗುರು. ಎಡಗೈ ಮುಷ್ಟಿ ಹಿಡಿದಿದ್ಲು. ಬಿಡಿಸಾಕ ಮನಸು ಬರಲಿಲ್ಲ.”

ಇನ್ನೊಮ್ಮೆ ಹೇಳ್ರಿ ಎಂದೆ.

ಹೇಳಿದರು.